ಒಂದು ಗೇಣು ದೊಡ್ಡದಾದ ಬಾವುಟ

ನವೆಂಬರ್ ಬಂತೆಂದರೆ ಬರ್ಕಾ ಪಟ್ಟಣದ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರ್ಷವಿಡೀ ನಾವು ಹೊಲಿಯುವುದು ಪರದೆ, ಮಜ್ಲಿಸ್ ಎಂಬ ಬೈಠಕ್ ಕೋಣೆಗೆ ದಿಂಬು, ಸೋಫಾಕ್ಕೆ ಗವಸು. ಒಮಾನಿನ ರಾಷ್ಟ್ರೀಯ ದಿನ ಹತ್ತಿರ ಬಂದಾಗ ಮಾತ್ರ ಪರದೆಯವರನ್ನೆಲ್ಲ ಆಮೇಲೆ ಬನ್ನಿ ಎಂದು ಸಾಗಹಾಕಿ ಬರೀ ಬಾವುಟ ಹೊಲಿಯುತ್ತೇವೆ. ಬಿಳಿ, ಕೆಂಪು, ಹಸಿರು. ಚಹಾದ ಲೋಟದಲ್ಲೂ ಕೆಂಪು ನೂಲಿನ ತುಂಡು ಸಿಗುತ್ತದೆ. ಆ ದಿನಗಳಲ್ಲಿ ನನ್ನ ಬಾಯಿ ಸ್ವಲ್ಪ ಹಾಳು. ಗಿರಾಕಿಗೆ ಬೈಯುವ ಹಾಗಿಲ್ಲವಲ್ಲ, ಹಾಗಾಗಿ ಕೆಲಸದವರಿಗೆ ಬೈಯುತ್ತೇನೆ. ಅವರು ಮುಖ ಊದಿಸಿಕೊಂಡರೆ ಸಂಜೆ ಶವರ್ಮ ತರಿಸಿ ಸಮಾಧಾನ ಮಾಡುತ್ತೇನೆ.

ಅಂಥ ಒಂದು ಬೆಳಿಗ್ಗೆ ಸೆಕ್ರೆಟರಿಯವರು ಬಂದರು. ಸೆಕ್ರೆಟರಿ ಎಂದರೆ ಮಸ್ಕತ್ತಿನಲ್ಲಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ನಡೆಸುವ ಒಂದು ಸಣ್ಣ ಕ್ರೈಸ್ತ ಸಭೆಯ ಸೆಕ್ರೆಟರಿ. ಹೊಟ್ಟೆಪಾಡಿಗೆ ಯಾವುದೋ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ಮಂಗಳೂರಿನವರು, ಹೆಂಚಿನ ಕಾರ್ಖಾನೆಗಳ ಕಾಲದಿಂದಲೂ ಪ್ರೊಟೆಸ್ಟೆಂಟ್ ಮನೆತನ. ನಾನು ಬಂಟ್ವಾಳದ ಕಡೆಯ ಬ್ಯಾರಿ. ಅವರ ಫ್ಲಾಟಿಗೆ ಪರದೆ ಹಾಕಲು ಹೋದಾಗ ತುಳುವಿನಲ್ಲಿ ಶುರುವಾದ ಮಾತು ಇವತ್ತಿನವರೆಗೂ ನಿಂತಿಲ್ಲ. ಅವರಿಗೆ ನಾನು ಸಾಹೇಬ್ರು, ನನಗೆ ಅವರು ಮಾಸ್ಟ್ರು. ಸಭೆಯ ಮಕ್ಕಳಿಗೆ ಸಂಡೆ ಸ್ಕೂಲಿನ ಪಾಠ ಮಾಡುವವರು ಎಂಬ ಕಾರಣಕ್ಕೆ ನಾನಿಟ್ಟ ಹೆಸರು ಅದು. ಇಲ್ಲಿ ಸಂಡೆ ಸ್ಕೂಲ್ ನಡೆಯುವುದೂ ಶುಕ್ರವಾರ ಎಂದು ನಾನು ಆಗಾಗ ಕೀಟಲೆ ಮಾಡುವುದುಂಟು.

ಅವರ ಹಿಂದೆ ಒಬ್ಬ ಅಮೆರಿಕನ್ನರಿದ್ದರು. ಅರುವತ್ತು ದಾಟಿದ ಎತ್ತರದ ಆಳು, ಕಾಲೇಜಿನಲ್ಲಿ ಪಾಠ ಹೇಳುವವರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ನಮ್ಮವರ ಹಾಗೆಯೇ ಪೂರ್ತಿಯಾಗಿ ಸಲಾಂ ಹೇಳಿದರು. ನನಗೆ ಅಲ್ಲಿಗೇ ಅರ್ಧ ಇಷ್ಟವಾಯಿತು. ಅವರಿಗೆ ಬೇಕಾದದ್ದು ಎರಡು ಬಾವುಟ. ಒಂದು ಅವರ ದೇಶದ್ದು. ಇನ್ನೊಂದು ಕ್ರೈಸ್ತರ ಬಾವುಟವಂತೆ. ಬಿಳಿ ಬಟ್ಟೆ, ಮೇಲಿನ ಮೂಲೆಯಲ್ಲಿ ನೀಲಿ ಚೌಕ, ಅದರೊಳಗೆ ಕೆಂಪು ಶಿಲುಬೆ. ಅವರ ದೇಶದ ಎಷ್ಟೋ ಚರ್ಚುಗಳಲ್ಲಿ ಪಾದ್ರಿ ನಿಂತು ಬೋಧಿಸುವ ಪ್ರಸಂಗ ಪೀಠದ ಆಚೆ ಈಚೆ ಇವೆರಡನ್ನೂ ನಿಲ್ಲಿಸುವುದು ರೂಢಿಯಂತೆ. ಇಲ್ಲಿನ ಸಭೆಯಲ್ಲೂ ಹಾಗೆಯೇ ನಿಂತಿದ್ದವು, ಅವರೇ ತಂದದ್ದು. ಈಗ ಎರಡೂ ಬಿಸಿಲಿಗೆ ಬಣ್ಣ ಕಳೆದುಕೊಂಡು ಅಂಚಿನಲ್ಲಿ ನೂಲು ಬಿಟ್ಟಿದ್ದವು. ದೇಶದ ಬಾವುಟದ ಉದ್ದಗಲವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಇನ್ನೊಂದರ ಫೋಟೊ ತೋರಿಸಿ, ಇದೂ ಒಂದು ಜೊತೆಗೆ ಎಂದರು. ಥ್ಯಾಂಕ್ಸ್‌ಗಿವಿಂಗ್ ಎಂಬ ಅವರ ಹಬ್ಬದ ವಾರ ಕೊಡಬೇಕಿತ್ತು. ನಮ್ಮ ಸೀಸನ್ ಮುಗಿದ ಮೇಲೆಯೇ ಬರುವ ಹಬ್ಬ. ಒಪ್ಪಿಕೊಂಡೆ.

ಆ ಸಂಜೆ ಮಾಸ್ಟ್ರು ಫೋನ್ ಮಾಡಿದಾಗಲೇ ಈ ಬಟ್ಟೆಯ ಹಿಂದಿನ ಸಂಕಟ ಗೊತ್ತಾದದ್ದು. ಸಭೆಗೆ ಹೊಸ ಪಾದ್ರಿ ಬಂದಿದ್ದರು, ಕೀನ್ಯಾದವರು. ಇಲ್ಲಿ ಕುಳಿತು ಪ್ರಾರ್ಥಿಸುವವರು ಹತ್ತಾರು ದೇಶದವರು, ಎದುರಿಗೆ ಒಂದೇ ದೇಶದ ಬಾವುಟ ಯಾಕೆ ಎಂದು ಅವರು ಮೆಲ್ಲಗೆ ಕೇಳಿದ್ದರು. ಇರಾಕಿನ ಒಬ್ಬ ನರ್ಸಮ್ಮ ಹಿಂದಿನ ಸಾಲಿನಲ್ಲಿ ಕುಳಿತು ಪ್ರಸಂಗ ಮುಗಿಯುವ ತನಕ ಕಣ್ಣು ಮುಚ್ಚಿಯೇ ಇರುತ್ತಾರಂತೆ. ಭಕ್ತಿ ಎಂದೇ ಎಲ್ಲರೂ ತಿಳಿದಿದ್ದರು. ಪಾದ್ರಿ ವಿಚಾರಿಸಿದಾಗ ಆ ಬಾವುಟ ನೋಡಿಕೊಂಡು ದೇವರನ್ನು ನೆನೆಯಲು ನನ್ನಿಂದಾಗುವುದಿಲ್ಲ ಎಂದಿದ್ದರು. ಅವರ ಮನೆ ಹೋದದ್ದು ಅಮೆರಿಕ ಇರಾಕಿನ ಮೇಲೆ ಮಾಡಿದ ಯುದ್ಧದಲ್ಲಿ.

ಪಾದ್ರಿ ಬಲವಂತ ಮಾಡಲಿಲ್ಲ. ನೀವೇ ಯೋಚಿಸಿ ಹೇಳಿ ಎಂದು ಅಮೆರಿಕನ್ನರಿಗೇ ಬಿಟ್ಟಿದ್ದರು. ಅವರು ಕೊಟ್ಟ ಉತ್ತರವೇ ನನಗೆ ಬಂದ ಆರ್ಡರ್. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಆ ಬಾವುಟ ಹೊರಗೆ ಹೋಗುವ ದಿನ ನಾನೂ ಹೋಗುತ್ತೇನೆ.

“ಹೋಗ್ಲಿ ಅಂತ ಬಿಡ್ಲಿಕ್ಕೆ ಆಗುವ ಜನ ಅಲ್ಲ ಸಾಹೇಬ್ರೇ ಅವ್ರು,” ಎಂದರು ಮಾಸ್ಟ್ರು. “ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದಿನಾ ಗಂಜಿ ಕಾಯಿಸಿ ತಂದದ್ದು ಅವ್ರು. ಅಮೆರಿಕದವ್ರಿಗೆ ಗಂಜಿ ಎಂತ ಗೊತ್ತುಂಟು? ಕಲಿತು ಮಾಡಿದ್ದು. ಅವ್ರು ಹೋದ್ರೆ ನಮ್ಮ ಸಭೆ ಇರ್ತದೆ, ಆದ್ರೆ ನನಗೆ ಅಲ್ಲಿಗೆ ಹೋಗ್ಲಿಕ್ಕೆ ಕಾಲು ಏಳ್ಲಿಕ್ಕಿಲ್ಲ.”

ಅವರ ದೇಶದಲ್ಲೂ ಈಗ ಇದೇ ತಗಾದೆ ಎಂದರು. ಚುನಾವಣೆ ಬಂದರೆ ಮೆರವಣಿಗೆಯಲ್ಲಿ ಶಿಲುಬೆ ಒಂದು ಕೈಯಲ್ಲಿ, ಬಾವುಟ ಇನ್ನೊಂದರಲ್ಲಿ. ನಿಜವಾದ ಕ್ರೈಸ್ತನಾದರೆ ಇಂಥವರಿಗೇ ವೋಟು ಹಾಕು ಎಂದು ಪೀಠದಿಂದಲೇ ಹೇಳುವವರಿದ್ದಾರಂತೆ. ಅದು ನಮ್ಮ ಈ ಅಮೆರಿಕನ್ನರಿಗೂ ಹಿಡಿಸುವುದಿಲ್ಲ. ಊರಿನಲ್ಲಿರುವ ತಂಗಿಯೊಡನೆ ಫೋನಿನಲ್ಲಿ ವಾದ ಮಾಡಿ ಮಾಡಿ ಈಗ ಇಬ್ಬರೂ ಹವೆಯ ವಿಚಾರ ಮಾತ್ರ ಮಾತಾಡುತ್ತಾರಂತೆ. ಆದರೆ ಅದು ರಾಜಕೀಯ, ನನ್ನ ಬಾವುಟ ಬೇರೆ ಎಂಬುದು ಅವರ ಪಟ್ಟು.

ಮಾಸ್ಟ್ರು ತಮ್ಮ ಮನೆಯ ಕಥೆಯನ್ನೂ ಸೇರಿಸಿದರು. ಅವರ ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ಪಾದ್ರಿ ಜರ್ಮನಿಯವರು, ತುಳುವಿನಲ್ಲೇ ಪ್ರಸಂಗ ಮಾಡುತ್ತಿದ್ದರು. ಮೊದಲ ಮಹಾಯುದ್ಧ ಶುರುವಾದದ್ದೇ ಬ್ರಿಟಿಷರು ಅವರನ್ನು ಶತ್ರು ದೇಶದವರೆಂದು ಹಿಡಿದು ಒಯ್ದರು. ಅಷ್ಟು ವರ್ಷ ನಮ್ಮ ಪಾದ್ರಿಯಾಗಿದ್ದವರು ಒಂದೇ ದಿನದಲ್ಲಿ ಜರ್ಮನ್ ಆಗಿಬಿಟ್ಟರು ಎಂದು ಮುತ್ತಜ್ಜ ಸಾಯುವ ತನಕ ಹೇಳುತ್ತಿದ್ದರಂತೆ.

ಇದೆಲ್ಲ ಕೇಳಿ ನನಗೆ ಬೇಸರವೇನೋ ಆಯಿತು. ಆದರೆ ನಾನು ಹೊಲಿಯುವವ. ಜಗಳ ಅವರದ್ದು, ಬಟ್ಟೆ ನನ್ನದು ಎಂದುಕೊಂಡು ಮಲಗಿದೆ.

ರಾಷ್ಟ್ರೀಯ ದಿನ ಕಳೆದ ಮರುದಿನವೇ ಕೆಲಸ ಹಿಡಿದೆ. ಅಮೆರಿಕದ ಬಾವುಟ ಹೊಲಿಯುವುದು ಸಣ್ಣ ಕೆಲಸವಲ್ಲ. ನೋಡುವಾಗ ಪಟ್ಟಿ ಪಟ್ಟಿ, ಅದರಲ್ಲೇನಿದೆ ಅನಿಸುತ್ತದೆ. ಹದಿಮೂರು ಪಟ್ಟಿಗಳನ್ನು ಒಂದಕ್ಕೊಂದು ಸೇರಿಸುವಾಗ ಅಂಚನ್ನು ಒಳಗೆ ಮಡಚಿ ಎರಡು ಸಾಲು ಹೊಲಿಗೆ ಹಾಕಬೇಕು, ಇಲ್ಲವಾದರೆ ಹಿಂದಿನಿಂದ ನೂಲು ಕಾಣುತ್ತದೆ. ಪರದೆಗಾದರೆ ಹಿಂಬದಿ ಎಂಬುದೊಂದಿದೆ, ಗೋಡೆಯ ಕಡೆಗೆ ತಿರುಗಿಸಿದರಾಯಿತು. ಬಾವುಟಕ್ಕೆ ಹಿಂಬದಿಯೇ ಇಲ್ಲ. ಎಲ್ಲ ಸೇರಿಸುವಷ್ಟರಲ್ಲಿ ಒಂದು ಪಟ್ಟಿ ನೂಲೆಳೆಯಷ್ಟು ವಾರೆಯಾದರೂ ಕೊನೆಯ ಪಟ್ಟಿ ಸೊಟ್ಟಗೆ ನಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಕೆಂಪಿನಿಂದ. ಸೀಸನ್ನಿನಲ್ಲಿ ಉಳಿದ ಕೆಂಪು ಬಟ್ಟೆಯನ್ನೇ ಬಳಸಿದ್ದೆ, ಉಳಿತಾಯವಾಗಲಿ ಎಂದು. ಹೊಲಿದು ಮುಗಿಸಿ ಹಬೆಯ ಇಸ್ತ್ರಿ ಇಟ್ಟದ್ದೇ ತಡ, ಕೆಂಪು ಬಿಳಿಗೆ ಇಳಿಯಿತು. ಪಕ್ಕದ ಪಟ್ಟಿಗಳೆಲ್ಲ ಗುಲಾಬಿ. ನಮ್ಮ ಎಂಬ್ರಾಯಿಡರಿ ಮಾಸ್ಟರ್, ಢಾಕಾದ ಕಡೆಯವನು, ಅದನ್ನು ಎತ್ತಿ ಹಿಡಿದು ಇದು ಮದುವೆ ಮನೆಗೆ ಆಗುತ್ತದೆ ಎಂದ. ಬೈಯಲು ಬಾಯಿ ತೆರೆದವನು ನಗಬೇಕಾಯಿತು. ಮರುದಿನ ಬೆಳಿಗ್ಗೆ ಮಸ್ಕತ್ತಿನ ಮತ್ರಾಕ್ಕೆ ಹೋಗಿ, ಸೂಕ್ ಎಂಬ ಪೇಟೆಯ ಒಳಗಲ್ಲಿಯ ಹಳೆಯ ಬಟ್ಟೆ ಅಂಗಡಿಯಲ್ಲಿ ಬಣ್ಣ ಬಿಡದ ಕೆಂಪು ತೆಗೆದೆ. ತುಂಡು ಕತ್ತರಿಸಿ ಅಂಗಡಿಯವರ ಎದುರಿಗೇ ಬಿಸಿನೀರಿನಲ್ಲಿ ಅದ್ದಿ, ಬಿಳಿ ಕರವಸ್ತ್ರಕ್ಕೆ ತಿಕ್ಕಿ ನೋಡಿದ ಮೇಲೆಯೇ ದುಡ್ಡು ಕೊಟ್ಟೆ. ಬಂದು ಎಲ್ಲ ಮೊದಲಿನಿಂದ.

ನಕ್ಷತ್ರಗಳದ್ದು ಇನ್ನೊಂದು ಪ್ರಾಣಸಂಕಟ. ನೀಲಿ ಬಟ್ಟೆ ತೆಳು, ಐವತ್ತು ನಕ್ಷತ್ರದ ನೂಲಿನ ಭಾರಕ್ಕೆ ಸುಕ್ಕುಗಟ್ಟುತ್ತಿತ್ತು. ಕೆಳಗೆ ಕಾಗದ ಕೊಟ್ಟು, ಮೆಷಿನ್ನಿನ ವೇಗ ತಗ್ಗಿಸಿ, ಮೇಲಿನ ನೂಲು ಕೆಳಗಿನ ನೂಲು ಎರಡೂ ಬಿಳಿಯೇ ಹಾಕಿ, ಒಂದು ಸಾಲಾದ ಮೇಲೆ ಬಟ್ಟೆಗೆ ಆರಲು ಬಿಟ್ಟು ಇನ್ನೊಂದು ಸಾಲು ಹಾಕಿದೆವು. ಕೊನೆಗೆ ಸುತ್ತಲೂ ಜರಿಯ ಕುಚ್ಚು. ಅದು ನನ್ನಲ್ಲಿ ಬೇಕಾದಷ್ಟಿತ್ತು, ಮಜ್ಲಿಸ್ ಪರದೆಗೆ ಹಾಕುವುದೇ ಅದನ್ನು. ಮೇಜಿನ ಮೇಲೆ ಹರಡಿದಾಗ ನಾನೇ ಎರಡು ಸಲ ಸುತ್ತು ಬಂದು ನೋಡಿದೆ. ಬಹಳ ಚೆನ್ನಾಗಿತ್ತು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಮೇಲೆ ಬಿಳಿಯದು. ಅದಕ್ಕೆ ಅಳತೆ ಬರೆದಿರಲಿಲ್ಲ. ಕೇಳಬೇಕೆಂದು ನನಗೆ ತೋಚಲೂ ಇಲ್ಲ. ನಮ್ಮ ಅಂಗಡಿಯಲ್ಲಿ ಮಜ್ಲಿಸ್ ಗೋಡೆಗೆ ಖುರ್‌ಆನಿನ ಆಯತ್ ಕಸೂತಿ ಮಾಡಿದ ಬಟ್ಟೆ ಹೊಲಿಯುವುದಿದ್ದರೆ, ಆ ಗೋಡೆಯಲ್ಲಿ ಬೇರೆ ಏನೇ ಇರಲಿ, ಅದಕ್ಕಿಂತ ಒಂದು ಗೇಣು ದೊಡ್ಡದಾಗಿಯೇ ಕತ್ತರಿಸುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ಬಂದ ಪದ್ಧತಿ. ಇದೂ ದೇವರ ಬಟ್ಟೆ ತಾನೆ? ಗೇಣು ಹಾಕಿ ಗುರುತು ಮಾಡಿ ಕತ್ತರಿಸಿದೆ.

ಹಬ್ಬದ ವಾರದ ಮಂಗಳವಾರ ಅಮೆರಿಕನ್ನರು ಬಂದರು, ಜೊತೆಗೆ ಮಾಸ್ಟ್ರು. ದೇಶದ ಬಾವುಟವನ್ನು ಮೊದಲು ಬಿಡಿಸಿದೆ. ಅವರು ಕನ್ನಡಕ ತೆಗೆದು ಒಂದೊಂದೇ ಹೊಲಿಗೆ ಮುಟ್ಟಿ ನೋಡಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. ನನ್ನ ಭುಜ ತಟ್ಟಿದರು. ಆಮೇಲೆ ಬಿಳಿಯದನ್ನು ಅದರ ಪಕ್ಕದಲ್ಲಿ ಹರಡಿದೆ. ಅವರ ಮುಖ ಕೆಂಪಾಯಿತು.

ಅವರ ದೇಶದ ನಿಯಮವಂತೆ: ತಮ್ಮ ಬಾವುಟದ ಜೊತೆ ನಿಲ್ಲುವ ಯಾವ ಬಾವುಟವೂ ಅದಕ್ಕಿಂತ ದೊಡ್ಡದಿರಬಾರದು. ಸಮ ಇರಬಹುದು, ಅಷ್ಟೇ. ಪಾದ್ರಿ ಹೀಗೆ ಮಾಡಲು ಹೇಳಿಕೊಟ್ಟರೇ ಎಂದು ಅವರು ಮಾಸ್ಟ್ರನ್ನು ಕೇಳಿದ ಧಾಟಿಯಲ್ಲಿ ನನಗೆ ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಸಿಟ್ಟು ಅರ್ಥವಾಯಿತು. ಮಾಸ್ಟ್ರು ಗಾಬರಿಯಾಗಿ ನನ್ನತ್ತ ತಿರುಗಿದರು.

“ಎಂತ ಮಾಡಿದ್ರಿ ಮಾರಾಯ್ರೆ ನೀವು? ಯಾರು ಹೇಳಿದ್ದು ದೊಡ್ಡದು ಮಾಡ್ಲಿಕ್ಕೆ?”

“ಯಾರೂ ಹೇಳ್ಲಿಲ್ಲ,” ಎಂದೆ. “ದೇವರದ್ದು ಅಂದ್ರಲ್ಲ ಮಾಸ್ಟ್ರೇ? ದೇವರದ್ದನ್ನು ಸಣ್ಣದು ಮಾಡ್ಲಿಕ್ಕೆ ಆಗ್ತದಾ? ಸಮ ಮಾಡ್ಲಿಕ್ಕೂ ನನ್ನ ಕೈ ಬರುದಿಲ್ಲ.”

ಮಾಸ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಅಮೆರಿಕನ್ನರು ಸ್ಟೂಲಿನ ಮೇಲೆ ಕುಳಿತರು. ನಾನು ಚಹಾ ತರಿಸಿದೆ. ತಪ್ಪು ನನ್ನದೇ, ಅಳತೆ ಕೇಳಬೇಕಿತ್ತು, ಹಬ್ಬದೊಳಗೆ ಸಮ ಅಳತೆಯದ್ದು ಇನ್ನೊಂದು ಹೊಲಿದು ಕೊಡುತ್ತೇನೆ ಎಂದೆ. ಇದನ್ನೇ ಕತ್ತರಿಸಿ ಸಣ್ಣದು ಮಾಡಿದರೆ ಆಗದೇ ಎಂದು ಕೇಳಿದರು. ಆಗುತ್ತದೆ, ಆದರೆ ಅದಕ್ಕೆ ಕತ್ತರಿ ಹಾಕಲು ನನಗೆ ಮನಸ್ಸಿಲ್ಲ ಎಂದೆ. ನನ್ನ ದೀನು, ನನ್ನ ನಂಬಿಕೆ, ಬೇರೆ ಇರಬಹುದು, ಪ್ರಾರ್ಥನೆಗೆಂದು ಹೊಲಿದದ್ದು ಪ್ರಾರ್ಥನೆಗೇ.

ಅವರು ಚಹಾ ಅರ್ಧ ಕುಡಿದು, ನಿಮ್ಮ ಊರಿನ ಮಸೀದಿಯಲ್ಲಿ ನಿಮ್ಮ ದೇಶದ ಬಾವುಟ ಇಲ್ಲವೇ ಎಂದು ಕೇಳಿದರು. ಇದೆ ಎಂದೆ. ಆಗಸ್ಟ್ ಹದಿನೈದಕ್ಕೆ ಮಸೀದಿಯ ಅಂಗಳದಲ್ಲಿ ಗುರುಗಳಾದ ಖತೀಬರೇ ಹಾರಿಸುತ್ತಾರೆ, ಮದ್ರಸದ ಮಕ್ಕಳು ಜನಗಣಮನ ಹಾಡುತ್ತಾರೆ, ಲಾಡು ಹಂಚುತ್ತಾರೆ. ನಾನೂ ಹಾಡಿದವನೇ, ಲಾಡಿಗಾಗಿ ಎರಡು ಸಲ ಸಾಲಿನಲ್ಲಿ ನಿಂತವನೇ. ಈಗೀಗ ನಮ್ಮವರು ಹಾರಿಸಿದ್ದಕ್ಕೆ ಫೋಟೊ ತೆಗೆದು ತೋರಿಸಬೇಕಾಗಿ ಬಂದಿದೆ, ಅದೊಂದು ಬೇಸರ. ಆದರೂ ಹಾರಿಸುವುದು ಖುಷಿಯಿಂದಲೇ.

“ಒಳಗೆ?” ಎಂದು ಅವರು ಕೇಳಿದರು.

“ಒಳಗೆ ಯಾರೂ ತಂದದ್ದಿಲ್ಲ,” ಎಂದೆ. “ತರಬೇಡಿ ಅಂತ ಹೇಳಿದವರೂ ಇಲ್ಲ. ಅಂಗಳದಲ್ಲಿ ಚೆಂದ ಕಾಣ್ತದೆ, ಹಾಗೆ.”

ಅವರು ಆ ದಿನ ಏನನ್ನೂ ಒಯ್ಯಲಿಲ್ಲ. ಸಮ ಅಳತೆಯದ್ದು ಹೊಲಿದಿಡಿ ಎಂದು ಹೇಳಿ ಹೋದರು. ನಾನು ಹೊಲಿದೆ. ಹೇಳಿದ ಕೆಲಸ ಮಾಡುವುದು ನನ್ನ ಧರ್ಮ. ಆದರೆ ಸತ್ಯ ಹೇಳಬೇಕೆಂದರೆ ಆ ಎರಡು ದಿನ ನನಗೆ ಊಟ ಸೇರಲಿಲ್ಲ. ನನ್ನ ಒಂದು ಗೇಣಿನಿಂದಾಗಿ ಒಬ್ಬ ಒಳ್ಳೆಯ ಮನುಷ್ಯ ತನ್ನ ಸಭೆ ಬಿಟ್ಟುಹೋದರೆ ಮಾಸ್ಟ್ರ ಮುಖವನ್ನು ಹೇಗೆ ನೋಡುವುದು ಎಂಬುದೇ ತಲೆಯಲ್ಲಿ.

ಗುರುವಾರ ಅವರು ಒಬ್ಬರೇ ಬಂದರು. ಮೂರೂ ಬಾವುಟಗಳನ್ನು ಮೇಜಿನ ಮೇಲಿಟ್ಟೆ. ಅವರು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಚಿಕ್ಕ ಚಿಕ್ಕ ಮಾತುಗಳಲ್ಲಿ, ನಡುನಡುವೆ ಅರಬಿ ಸೇರಿಸಿ ಹೇಳಿದರು. ಅವರ ಅಪ್ಪ ಸಿಪಾಯಿ. ಹಳ್ಳಿಯ ಚರ್ಚಿನಲ್ಲಿ ಅಪ್ಪನ ಶವಪೆಟ್ಟಿಗೆಯ ಮೇಲೆ ಹೊದೆಸಿದ್ದು ಆ ಬಾವುಟ, ತಲೆಯ ಹತ್ತಿರ ನಿಂತಿದ್ದದ್ದು ಆ ಶಿಲುಬೆ. ಅವರಿಗೆ ಆಗ ಹತ್ತು ವರ್ಷ. ಅಂದಿನಿಂದ ಎರಡನ್ನೂ ಬೇರೆ ಬೇರೆಯಾಗಿ ನೋಡಿದ್ದೇ ಇಲ್ಲ.

“ಅದನ್ನು ಅಲ್ಲಿಂದ ಎತ್ತಿದರೆ ಅಪ್ಪನಿಗೆ ಬೆನ್ನು ತೋರಿಸಿದ ಹಾಗೆ ಅಂದುಕೊಂಡಿದ್ದೆ,” ಎಂದರು. “ಎರಡು ರಾತ್ರಿ ನಿಮ್ಮ ಅಂಗಳದ ಬಗ್ಗೆಯೇ ಯೋಚಿಸಿದೆ. ಅಪ್ಪನೂ ಮನೆಯ ಬಾವುಟವನ್ನು ಅಂಗಳದಲ್ಲೇ ಹಾರಿಸುತ್ತಿದ್ದ. ಚರ್ಚಿಗೆ ಹೋಗುವಾಗ ಬರಿಗೈಯಲ್ಲಿ ಹೋಗುತ್ತಿದ್ದ.”

ದೊಡ್ಡದಾದ ಬಿಳಿಯದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು, ದೇಶದ್ದನ್ನೂ ತೆಗೆದುಕೊಂಡರು. ಸಮ ಅಳತೆಯದ್ದನ್ನು ಮೇಜಿನ ಮೇಲೆಯೇ ಬಿಟ್ಟರು. ಮೂರಕ್ಕೂ ದುಡ್ಡು ಕೊಡಲು ಬಂದಾಗ ನಾನು ಕೈ ಹಿಡಿದು ನಿಲ್ಲಿಸಿದೆ. ಒಂದು ನನ್ನ ಲೆಕ್ಕಕ್ಕೆ ಇರಲಿ.

ಶುಕ್ರವಾರ ನನಗೆ ಜುಮಾ, ಅವರಿಗೆ ಪ್ರಾರ್ಥನೆ. ನಮಾಜು ಮುಗಿಸಿ ಅವರ ಹಬ್ಬದ ಊಟಕ್ಕೆ ಮಸ್ಕತ್ತಿಗೆ ಹೋದೆ. ಕೋಳಿಯೂ ಇತ್ತು, ಟರ್ಕಿ ಎಂಬ ಅವರ ಹಬ್ಬದ ದೊಡ್ಡ ಕೋಳಿಯೂ ಇತ್ತು, ಹಲಾಲ್ ಎಂದು ಮಾಸ್ಟ್ರು ಮೂರು ಸಲ ಹೇಳಿದರು. ಒಳಗಿನ ಪೀಠದ ಹತ್ತಿರ ಬಿಳಿಯದು ಒಂದೇ ನಿಂತಿತ್ತು. ಅಮೆರಿಕದ ಬಾವುಟ ಊಟದ ಕೋಣೆಯಲ್ಲಿ, ಚಹಾದ ದೊಡ್ಡ ಪಾತ್ರೆಯ ಪಕ್ಕ, ಜರಿಯ ಕುಚ್ಚು ಮಿನುಗಿಸುತ್ತ. ಹಬ್ಬ ಅವರ ದೇಶದ್ದಲ್ಲವೇ, ಅಲ್ಲಿಗೆ ಒಪ್ಪುತ್ತಿತ್ತು. ಅದರ ಕೆಳಗಿನ ಬೆಂಚಿನಲ್ಲಿ ಅಮೆರಿಕನ್ನರು ಬಿರಿಯಾನಿ ತಿನ್ನುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು ಇನ್ನೊಂದು ಚಮಚ ಬಡಿಸುತ್ತಿದ್ದವರು ಇರಾಕಿನ ನರ್ಸಮ್ಮ, ಅವರೇ ಮಾಡಿದ್ದಂತೆ. ಇವತ್ತು ಪ್ರಸಂಗದ ಹೊತ್ತಿಗೆ ಆಯಮ್ಮ ಕಣ್ಣು ಬಿಟ್ಟುಕೊಂಡಿದ್ರು ಸಾಹೇಬ್ರೇ ಎಂದು ಮಾಸ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ನಾನು ಇನ್ನೊಂದು ಚಮಚ ಬಿರಿಯಾನಿ ಹಾಕಿಸಿಕೊಂಡೆ. ತಟ್ಟೆ ನೋಡಿಕೊಂಡು ಉಂಡೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ವಾರ ಅಮೆರಿಕನ್ನರು ತಮ್ಮ ದೇಶದ ಹಳೆಯ ಬಾವುಟವನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಇದನ್ನು ಸುಡಲು ನಿಮ್ಮ ಅಂಗಡಿಯ ಹಿಂದೆ ಜಾಗ ಕೊಡುತ್ತೀರಾ ಎಂದರು. ಜೀರ್ಣವಾದ ಬಾವುಟವನ್ನು ಗೌರವದಿಂದ ಸುಡುವುದು ಅವರ ಪದ್ಧತಿಯಂತೆ.

ನಾನು ಬೇಡ ಬೇಡ ಎಂದು ಕೈಯಾಡಿಸಿದೆ. ಬರ್ಕಾದ ಬೀದಿಯಲ್ಲಿ ಒಬ್ಬ ಬ್ಯಾರಿ ಗಡ್ಡ ಬಿಟ್ಟುಕೊಂಡು ಅಮೆರಿಕದ ಬಾವುಟ ಸುಡುವುದನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದರೆ? ಗೌರವದಿಂದ ಸುಟ್ಟದ್ದು ಎಂದು ವೀಡಿಯೊದ ಕೆಳಗೆ ಬರೆಯಲಾಗುತ್ತದೆಯೇ? ಕೈಕಾಲು ಬಳಸಿ ಇದನ್ನು ವಿವರಿಸಿದಾಗ ಅವರು ನಕ್ಕ ನಗೆಗೆ ಎಂಬ್ರಾಯಿಡರಿ ಮಾಸ್ಟರ್ ಮೆಷಿನ್ ನಿಲ್ಲಿಸಿ ನೋಡಿದ. ಖಲಾಸ್, ಖಲಾಸ್, ಸುಡುವುದು ಬೇಡ ಎಂದು ಅವರೇ ಕಣ್ಣೊರೆಸಿಕೊಂಡರು.

ನಮ್ಮಲ್ಲಿ ಹರಿದ ಖುರ್‌ಆನ್ ಹಾಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಾಲು ತಾಗದ ಕಡೆ ಮಣ್ಣಿಗೆ ಕೊಡುತ್ತೇವೆ ಎಂದೆ. ಅದಾಗಬಹುದು ಎಂದರು. ಮೊದಲು ಹೊಲಿಗೆ ಬಿಚ್ಚೋಣ, ಬಿಚ್ಚಿದ ಮೇಲೆ ಅದು ಬಾವುಟವಲ್ಲ, ಬರೀ ಬಟ್ಟೆ ಎಂದು ನಾನೇ ಹೇಳಿದೆ. ಒಂದು ಹೊಲಿಗೆ ಬಿಚ್ಚುವ ಕೊಕ್ಕೆ ಅವರಿಗೆ, ಒಂದು ನನಗೆ. ಸಂಜೆಯ ತನಕ ಎದುರು ಬದುರು ಕುಳಿತು ಪಟ್ಟಿ ಪಟ್ಟಿ ಬೇರೆ ಮಾಡಿದೆವು. ಅವರ ಬೆರಳು ಮೊದಮೊದಲು ಬಟ್ಟೆ ಹರಿಯುತ್ತಿತ್ತು, ಆಮೇಲೆ ಕಲಿತರು.

ಸುತ್ತಲು ಬಿಳಿ ಬಟ್ಟೆ ತೆಗೆಯಲು ನಾನು ಎದ್ದೆ. ಅವರು ಕಪಾಟಿನಲ್ಲಿದ್ದ ಸಮ ಅಳತೆಯ ಬಿಳಿ ಬಾವುಟವನ್ನು ತೋರಿಸಿದರು. ಅದರಲ್ಲಿ ಶಿಲುಬೆ ಇದೆಯಲ್ಲ ಎಂದೆ. ಅದಕ್ಕೇ ಎಂದರು. ಮಡಚಿದ ಪಟ್ಟಿಗಳನ್ನೂ ನೀಲಿ ತುಂಡನ್ನೂ ಅದರೊಳಗಿಟ್ಟು ತಾವೇ ಸುತ್ತಿದರು.

ನನ್ನ ಕಫೀಲ್, ಎಂದರೆ ನನ್ನ ವೀಸಾಕ್ಕೂ ಅಂಗಡಿಗೂ ಹೊಣೆ ನಿಂತವರು, ಹತ್ತಿರದಲ್ಲೇ ಖರ್ಜೂರದ ತೋಟವಿರುವ ವಯಸ್ಸಾದ ಒಮಾನಿ. ಮುಚ್ಚುಮರೆ ಮಾಡದೆ ಇದ್ದದ್ದನ್ನೇ ಹೇಳಿ ಜಾಗ ಕೇಳಿದೆ. ಅವರು ಗಂಟನ್ನೂ ಅಮೆರಿಕನ್ನರ ಮುಖವನ್ನೂ ನೋಡಿ, ನೀರಿನ ಕಾಲುವೆಯಿಂದ ದೂರ ಒಂದು ಹಳೆಯ ಮರದ ಬುಡ ತೋರಿಸಿದರು. ಗುಂಡಿ ತೋಡಿ ಇಟ್ಟೆವು. ನಾನೂ ಕಫೀಲರೂ ನಮ್ಮವರನ್ನು ಮಣ್ಣು ಮಾಡುವಾಗಿನ ಅಭ್ಯಾಸದಂತೆ ಮೂರು ಹಿಡಿ ಮಣ್ಣು ಹಾಕಿದೆವು. ಅಮೆರಿಕನ್ನರು ನಮ್ಮನ್ನು ನೋಡಿ ತಾವೂ ಮೂರು ಹಿಡಿ ಹಾಕಿದರು, ಮಣ್ಣಾದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಅವರ ಕಣ್ಣು ತುಂಬಿತ್ತು, ಮುಖ ಮಾತ್ರ ಹಗುರವಾಗಿತ್ತು.

ಕಫೀಲ್ ಯಲ್ಲಾ, ಗಹ್ವಾ ಎಂದು ಕಾಫಿಗೆ ಕರೆದರು. ಕೈ ತೊಳೆದುಕೊಂಡು ಹೋಗಿ ಚಾಪೆಯ ಮೇಲೆ ಕುಳಿತೆವು. ಅಮೆರಿಕನ್ನರು ಒಂದೇ ಲೋಟ ಕುಡಿದು, ಎರಡನೆಯದಕ್ಕೆ ಲೋಟ ಅಲುಗಿಸಿ ಸಾಕೆಂದು ಎದ್ದರು. ಇಷ್ಟು ಬೇಗ ಯಾಕೆ ಎಂದು ಕಫೀಲ್ ಬೇಸರ ಮಾಡಿಕೊಂಡರು.

“ನಾಳೆ ಶುಕ್ರವಾರ,” ಎಂದರು ಅವರು. “ಸಭೆಯಲ್ಲಿ ಕುರ್ಚಿ ಹಾಕುವ ಸರದಿ ನನ್ನದು.”